ಒದ್ದೆ ಗೋಣಿಯೊಳಗೆ ಒಂದು ಇಸ್ಪೀಟು ಕಟ್ಟು

ನಿಪ್ಪಾಣಿಯ ಗಾಳಿಗೇ ತಂಬಾಕಿನ ಘಾಟು ಇದ್ದ ಕಾಲವದು. ಎಂಬತ್ತರ ದಶಕ ಮುಗಿಯುತ್ತಿತ್ತು. ನಾನು ಏಳನೆಯ ತರಗತಿಯಲ್ಲಿದ್ದೆ. ಓಣಿಯ ಇತರ ಹೆಂಗಸರಂತೆ ಅವ್ವನೂ ಬೀಡಿ ಕಟ್ಟುತ್ತಿದ್ದಳು. ಶಾಲೆಯಿಂದ ಬಂದೊಡನೆ ಅಳತೆಯ ತಗಡನ್ನು ಎಲೆಯ ಮೇಲಿಟ್ಟು ಸುತ್ತಲೂ ಕತ್ತರಿಸುವುದು ನನ್ನ ಕೆಲಸ. ನನ್ನ ಕತ್ತರಿ ಗೆರೆ ತಪ್ಪುವುದಿಲ್ಲವೆಂಬುದು ಓಣಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು, ತುಸು ಹೆಚ್ಚಾಗಿಯೇ.

ಆ ಸುದ್ದಿ ಎದುರು ಮನೆಯ ಬಾಬು ಕಾಕಾರ ಕಿವಿಗೂ ಬಿದ್ದಿತ್ತು. ಶಾಲೆಗಳ ವಾರ್ಷಿಕ ಸಮ್ಮೇಳನಕ್ಕೆ ನಮ್ಮ ಕಡೆ ಗ್ಯಾದರಿಂಗ್ ಎನ್ನುತ್ತಾರೆ. ಭೋಜದಿಂದ ಅಂಕಲಿಯವರೆಗೆ ಎಲ್ಲೇ ಗ್ಯಾದರಿಂಗ್ ಆದರೂ ಅಲ್ಲಿ ಕಾಕಾರ ಜಾದೂ ಇರುತ್ತಿತ್ತು. ಆದರೆ ಅವರ ಕೈ ನಡುಗತೊಡಗಿತ್ತು. ಹಿಂದಿನ ವರ್ಷ ನಮ್ಮ ಶಾಲೆಯ ವೇದಿಕೆಯ ಮೇಲೆಯೇ ಕಾರ್ಡುಗಳು ಕೈಜಾರಿ ಬಿದ್ದಿದ್ದವು. "ಈ ಸಲಾನೂ ಹಂಗ ಆದ್ರ, ಮುಂದಿನ ವರ್ಷ ಕೊಲ್ಹಾಪುರದವ್ರನ್ನ ಕರಸ್ತೇವ್ರಿ," ಎಂದು ಹೆಡ್ ಮಾಸ್ತರರು ಹೇಳಿಯೇಬಿಟ್ಟಿದ್ದರು.

ಗ್ಯಾದರಿಂಗಿಗೆ ಮೂರು ದಿನವಿದ್ದಾಗ ಕಾಕಾ ಹೊಸ ಇಸ್ಪೀಟು ಕಟ್ಟು ಹಿಡಿದು ನಮ್ಮ ಮನೆಗೆ ಬಂದರು.

"ಜೂಜಿನ ಸಾಮಾನ ನಮ್ಮ ಮನ್ಯಾಗ ಬ್ಯಾಡ್ರಿ ಅಣ್ಣಾ," ಎಂದಳು ಅವ್ವ, ಕೈಯ ಬೀಡಿಯಿಂದ ಕಣ್ಣೆತ್ತದೆ.

"ನಾ ಜೂಜ ಆಡಾಂವ ಆಗಿದ್ರ ಇಂಥಾ ಹರಕ ಕೋಟ ಹಾಕ್ಕೊಂಡ ಯಾಕ ತಿರಗ್ತಿದ್ದೆ ತಂಗೀ?"

ಅವ್ವ ನಕ್ಕಳು. ಅದೇ ಒಪ್ಪಿಗೆಯಾಯಿತು.

ಗುಟ್ಟನ್ನು ಕಾಕಾ ನನಗೆ ಮೆಲುದನಿಯಲ್ಲಿ ತಿಳಿಸಿದರು. ಪ್ರತಿ ಕಾರ್ಡಿನ ಒಂದು ತುದಿಯನ್ನು ಕೂದಲೆಳೆಯಷ್ಟು ಕಿರಿದಾಗಿಸಬೇಕು. ಯಾರಾದರೂ ಒಂದು ಕಾರ್ಡನ್ನು ಎಳೆದು ನೋಡುವಷ್ಟರಲ್ಲಿ ಅವರು ಉಳಿದ ಕಟ್ಟನ್ನು ಸದ್ದಿಲ್ಲದೆ ಹಿಂದುಮುಂದಾಗಿ ತಿರುಗಿಸಿ ಹಿಡಿಯುತ್ತಾರೆ. ಆಗ ಮರಳಿ ಬಂದ ಕಾರ್ಡಿನ ಅಗಲದ ತುದಿ, ಇತರ ಕಾರ್ಡುಗಳ ಕಿರಿದಾದ ತುದಿಗಳ ನಡುವೆ ತುಸುವೇ ಹೊರಗುಳಿಯುತ್ತದೆ. ಕಣ್ಣಿಗೆ ಕಾಣದು, ಬೆರಳಿಗೆ ತಿಳಿಯುತ್ತದೆ.

"ನಿನ್ನ ಕೈಯಾಗ ನನ್ನ ಮರ್ಯಾದಿ ಐತಿ ನೋಡವಾ ಸುನಂದಾ. ಕತ್ತರಿಸಿ ಜ್ವಾಪಾನ ಇಡು."

ಎರಡು ಸಂಜೆ ಉಸಿರು ಬಿಗಿಹಿಡಿದು ಐವತ್ತೆರಡು ಕಾರ್ಡುಗಳನ್ನೂ ಕತ್ತರಿಸಿದೆ. ಅಂಚಿಗೆ ನವಿರಾದ ಪಾಲಿಶ್ ಪೇಪರು ಉಜ್ಜಿ, ಮೈಗೆ ಕೇರಂ ಪುಡಿ ಸವರಿದೆ. ಕಟ್ಟು ಅಂಗೈಯಲ್ಲಿ ನೀರಿನಂತೆ ಜಾರಿತು. ಒಂದೆರಡು ಅಂಚುಗಳಲ್ಲಿ ಮಾತ್ರ ಸಣ್ಣ ಸೀಳು ಕಂಡಿತು. ನಮ್ಮ ಮನೆಯಲ್ಲಿ ಒಣಗಿದ್ದು ಸೀಳುತ್ತಿತ್ತು. ಜೋಪಾನ ಮಾಡುವುದೆಂದರೆ ತೇವದಲ್ಲಿಡುವುದು. ಬೀಡಿ ಎಲೆಯನ್ನು ಹಾಗೆಯೇ ಇಡುತ್ತಿದ್ದೆವು. ನಾನು ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ, ಎಲೆಗಳ ಜೊತೆ ಒದ್ದೆ ಗೋಣಿಯೊಳಗಿಟ್ಟು ನೆಮ್ಮದಿಯಿಂದ ಮಲಗಿದೆ.

ಗ್ಯಾದರಿಂಗಿನ ದಿನ ಬೆಳಿಗ್ಗೆ ತೆಗೆದಾಗ ಕಾರ್ಡುಗಳು ಉಬ್ಬಿ ಒಂದಕ್ಕೊಂದು ಅಂಟಿದ್ದವು. ಮೊರದಲ್ಲಿ ಹರಡಿ ಬಿಸಿಲಿಗಿಟ್ಟೆ; ಹಪ್ಪಳದಂತೆ ಮುರುಟಿದವು. ಬೀಸುವ ಕಲ್ಲಿನ ಕೆಳಗಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಸಪಾಟಾದವು. ನೋಡಲು ಮಾತ್ರ.

"ಕಾಕಾಗ ಹೇಳ್‌ ಬೇ. ಏನೂ ಅನ್ನಾಂಗಿಲ್ಲ ಅವ್ರು," ಎಂದಳು ಅವ್ವ.

"ಹೇಳ್ತೇನಿ," ಎಂದೆ.

ಹೇಳಲಿಲ್ಲ. ಗೆರೆ ತಪ್ಪದ ಕತ್ತರಿಯೆಂಬ ಹೆಸರು ಹೋದೀತೆಂಬ ಅಂಜಿಕೆ ಬಾಯಿ ಕಟ್ಟಿತು. ಬಾಗಿಲಿಗೆ ಬಂದ ಕಾಕಾ ಕಟ್ಟನ್ನು ಬಿಚ್ಚಿಯೂ ನೋಡದೆ ಕೋಟಿನ ಕಿಸೆಗೆ ಸೇರಿಸಿದರು. "ನೀ ಮಾಡಿದ್ದಂದ್ರ ನೋಡೂದೇನೈತಿ?"

ಸಂಜೆ ನಾನು ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಹಗ್ಗದ ಆಟ, ಉಂಗುರದ ಆಟ ಮುಗಿದು ಚಪ್ಪಾಳೆ ಬಿತ್ತು. ಹೆಡ್ ಮಾಸ್ತರರೂ ತಟ್ಟಿದರು. ಆಮೇಲೆ ಕಟ್ಟು ಹೊರಬಂತು. ಅದರ ಮೇಲೆ ಇಳಿದ ಕಾಕಾರ ಬೆರಳು ಒಂದು ಕ್ಷಣ ನಿಂತಿತು. ಐದನೆಯ ತರಗತಿಯ ಹುಡುಗಿಯೊಬ್ಬಳು ಕಾರ್ಡು ಎಳೆದು, ಕಾಕಾರಿಗೆ ಬೆನ್ನು ಮಾಡಿ ನಮಗೆಲ್ಲ ತೋರಿಸಿದಳು. ಕೆಂಪು ಬದಾಮ ರಾಣಿ, ಹೃದಯದ ಗುರುತಿನದು. ಮರಳಿ ಕಟ್ಟಿನೊಳಗೆ ಸೇರಿಸಿದಳು. ಕಾಕಾ ಅಂಚು ಸವರಿದರು. ಮತ್ತೆ ಸವರಿದರು. ಉಬ್ಬಿದ ಕಟ್ಟಿನಲ್ಲಿ ಬೆರಳಿಗೆ ಯಾವುದೂ ಬೇರೆಯಾಗಿ ಸಿಗಲಿಲ್ಲ.

"ಕಾಕಾ, ನಿದ್ದಿ ಬಂತೇನ್ರಿ?" ಹಿಂದಿನಿಂದ ಯಾರೋ ಕೂಗಿದರು. ಸಭೆಯೆಲ್ಲ ನಕ್ಕಿತು.

ಎದ್ದು ನಿಂತು ತಪ್ಪು ನನ್ನದೆಂದು ಹೇಳಬೇಕೆನಿಸಿತು. ಕುಳಿತೇ ಇದ್ದೆ. ಕಾಕಾ ಒಂದು ಕಾರ್ಡು ಎಳೆದು ಎತ್ತಿ ಹಿಡಿದರು. ಕಪ್ಪು ಎಂಟು. ನಗು ಇನ್ನೂ ಜೋರಾಯಿತು. ಅವರು ಕಟ್ಟನ್ನು ಮೂಗಿನ ಬಳಿ ತಂದರು. ಹಸಿ ಬೀಡಿ ಎಲೆಯ ವಾಸನೆ ಬಡಿದಿರಬೇಕು. ಅವರ ಕಣ್ಣು ನೇರವಾಗಿ ನನ್ನ ಮೇಲೆ ಬಂತು. ಆಮೇಲೆ ಸಭೆಯತ್ತ ತಿರುಗಿ, "ಕೈ ಮಾತ ಕೇಳವಲ್ದ್ರಿ ಈಗ. ವಯಸ್ಸಾತು," ಎಂದರು.

ಹೆಡ್ ಮಾಸ್ತರರು ಮುಂದಿನ ಕಾರ್ಯಕ್ರಮದ ಹೆಸರು ಕೂಗಿದರು.

ಹೊರಟಿದ್ದ ಕಾಕಾರನ್ನು ಗೇಟಿನ ಹತ್ತಿರ ಓಡಿಹೋಗಿ ಹಿಡಿದೆ. "ಕಾಕಾ, ನಾ..." ಮುಂದೆ ಅಳುವೇ ಬಂತು.

"ನಿನ್ನ ಕತ್ತರಿ ಗೆರಿ ತಪ್ಪಿಲ್ಲವಾ," ಎಂದರು ಅವರು. "ಇನ್ನೊಮ್ಮೆ ಅಕ್ಕಿ ಡಬ್ಬ್ಯಾಗ ಇಡು. ಒಣಾ ಇರ್ತಾವ."

ಇನ್ನೊಮ್ಮೆ ಬರಲಿಲ್ಲ. ಮರುವರ್ಷ ಕೊಲ್ಹಾಪುರದವರು ದೊಡ್ಡ ಪೆಟ್ಟಿಗೆಯೊಂದಿಗೆ ಬಂದರು. ಕಾಕಾ ನೋಡಲೂ ಬರಲಿಲ್ಲ.

ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ಪ್ರಮಾಣಪತ್ರವನ್ನು ಇಂದಿಗೂ ಅಕ್ಕಿಯ ಗಂಟಿನ ಜೊತೆ ಡಬ್ಬಿಯಲ್ಲಿಟ್ಟಿದ್ದೇನೆ. ಒಂದು ಕಲೆಯೂ ಬಿದ್ದಿಲ್ಲ. ಅವ್ವನ ಕತ್ತರಿ ತುಕ್ಕು ಹಿಡಿಯಿತು; ಒದ್ದೆ ಗೋಣಿಯ ವಾಸನೆ ಮನೆಯಿಂದ ಹೋಯಿತು. ಪ್ರತಿ ವಾಕ್ಯವನ್ನೂ ಎರಡು ಸಲ ತಿದ್ದಿ ಬರೆಯುವುದು ನನಗೆ ರೂಢಿಯಾಗಿದೆ. ಆದರೆ ಆ ಮಧ್ಯಾಹ್ನ ಬಾಗಿಲಲ್ಲಿ ನಿಂತು, "ಕಾಕಾ, ಇವು ತೊಯ್ದಾವ್ರಿ," ಎನ್ನಲು ತಿದ್ದುವ ಅಗತ್ಯವೇ ಇರಲಿಲ್ಲ. ಈಗ ಹೇಳಬಲ್ಲೆ. ಎದುರು ಮನೆಯ ಬಾಗಿಲಲ್ಲಿ ಕೇಳುವವರಿಲ್ಲ.