ಆಚಾರ್ರ ಬಾಗಿಲು

ಮೊನ್ನೆ ಕಳಸದ ಪೇಟೆಯಲ್ಲಿ ಯಾವುದೋ ಅಂಗಡಿಗೆ ಕಪಾಟು ಮಾಡುತ್ತಿದ್ದರು. ಮಷೀನಿನಿಂದ ಹಾರಿದ ಹಲಸಿನ ಹುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಳ್ಳಬೇಕಾದ ಸಾಮಾನೆಲ್ಲ ಮರೆತುಹೋಯಿತು. ನಮ್ಮ ಸಂಸೆಯ ಮರಗೆಲಸದ ಆಚಾರ್ರು ನೆನಪಾದರು…

ಐವತ್ತು ದಾಟುವಷ್ಟರಲ್ಲಿ ಅವರಿಗೆ ಎರಡೂ ಕಣ್ಣು ಹೋಗಿದ್ದವು. ಆದರೂ ಕರೆಂಟಿನ ಗರಗಸ ಬಿಡಲಿಲ್ಲ. ಅಳತೆಗೆ ಕಚ್ಚು ಕೊರೆದ ಬಿದಿರುಕೋಲು. ಮರ ತಳ್ಳುವುದಕ್ಕೆ ಕೈಯಲ್ಲ, ಒಂದು ಮೋಟು ರೀಪಿನ ಪಟ್ಟಿ. ಪ್ಲಗ್ ಕಿತ್ತು, ವಯರನ್ನು ಹೆಗಲ ಮೇಲೆ ಹಾಕಿಕೊಂಡ ಮೇಲೆಯೇ ಬೆರಳು ಬ್ಲೇಡಿನ ಹತ್ತಿರ ಹೋಗುತ್ತಿತ್ತು. ಮಷೀನು ಓಡುವಾಗ ಯಾರೂ ಪಿಟಿಕ್ಕೆನ್ನುವಂತಿರಲಿಲ್ಲ. ಬ್ಲೇಡು ಮರ ಬಿಟ್ಟಿತೋ ಇಲ್ಲವೋ ಎಂಬುದು ಅವರಿಗೆ ಸದ್ದಿನಲ್ಲೇ ತಿಳಿಯಬೇಕಿತ್ತು.

ಮಗನಿಗೆ ಇದೆಲ್ಲ ಭಯ. ಮಷೀನು ಮಾರಿಬಿಡಿ ಎಂದು ದಿನಾ ಹಠ. ಕಡೆಗೆ ಇವರೂ ರೋಸಿ, "ಟೀಚರ್ ಮನೆ ಬಾಗಿಲೊಂದು ಮಾಡ್ತೇನೆ. ಅದು ಚೌಕಟ್ಟಿಗೆ ಕೂರದಿದ್ರೆ ಮಾರು" ಎಂದುಬಿಟ್ಟರು. ಟೀಚರ್ ಅಂದರೆ ನಾನೇ.

ನನಗೂ ಒಳಗೊಳಗೇ ಪುಕುಪುಕು. ಒಂದು ದಿನ ಅವರು ಪಟ್ಟಿ ಉಜ್ಜುತ್ತಿದ್ದಾಗ ಮೆಲ್ಲಗೆ ಟೇಪ್ ಹಿಡಿದು ಹಲಗೆ ಅಳೆದೆ. ದರಿದ್ರದ ಟೇಪು, ಸರ್ರನೆ ಒಳಗೆ ಸರಿದು ಟಕ್ಕೆಂದಿತು.

"ಎಷ್ಟು ಬಂತು ಟೀಚರೇ?" ಎಂದರು, ತಲೆ ಎತ್ತದೆ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಳತೆ ಒಂದು ನೂಲೂ ತಪ್ಪಿರಲಿಲ್ಲ.

ಕೂರಿಸುವ ದಿನ ಬಾಗಿಲು ಮೇಲ್ಗಡೆ ಹಿಡಿಯಿತು. ಎಷ್ಟು ಒತ್ತಿದರೂ ಮುಚ್ಚದು. "ಇನ್ನಾದ್ರೂ ಸಾಕು ಮಾಡಿ ಅಪ್ಪಯ್ಯ" ಎಂದ ಮಗ. ಆಚಾರ್ರು ಚೌಕಟ್ಟನ್ನು ಸವರುತ್ತಾ ಹೋದರು. ಮೂಲೆಗೊಮ್ಮೆ ಮೂಲೆಮಟ್ಟ ಇಟ್ಟರು. ಆಮೇಲೆ ನಕ್ಕರು.

"ಬಾಗಿಲು ನೆಟ್ಟಗಿದೆ ಮಾರಾಯ, ಸೊಟ್ಟ ಇರೋದು ಚೌಕಟ್ಟು. ಅಲ್ಲ ಟೀಚರೇ, ಇದನ್ನ ನಿಲ್ಲಿಸಿದವ್ರಿಗೆ ಎರಡು ಕಣ್ಣಿತ್ತಲ್ವಾ?"

ಮಗನೂ ಮಟ್ಟ ಇಟ್ಟು ನೋಡಿದ. ಚೌಕಟ್ಟಿನ ಅಗಲ, ಎತ್ತರ ಸರಿಯಿತ್ತು, ಮೂಲೆಯೇ ವಾಲಿತ್ತು. ಚೌಕಟ್ಟು ಬಿಚ್ಚಿ ನೆಟ್ಟಗೆ ನಿಲ್ಲಿಸಿದ ಮೇಲೆ ಬಾಗಿಲು ಒಂದೇ ಬೆರಳಿಗೆ ಮುಚ್ಚಿತು. ಮಷೀನು ಮಾರುವ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ. ನಾನಂತೂ ನಾನೇ ಬಾಗಿಲು ಮಾಡಿದವಳ ಹಾಗೆ ಊರೆಲ್ಲ ಜಂಬ ಕೊಚ್ಚಿಕೊಂಡೆ.

ಅವರು ಹೋಗಿ ಆರು ವರ್ಷವಾಯಿತು… ಮನೆಗೆ ಬಂದವರಿಗೆಲ್ಲ ಬಾಗಿಲು ತೋರಿಸಿ, ಮಾಡಿದವರಿಗೆ ಕಣ್ಣು ಕಾಣುತ್ತಿರಲಿಲ್ಲ ಎಂದು ಮೊದಲು ಹೇಳುತ್ತಿದ್ದೆ. ಈಗ ಅದನ್ನು ಬಿಟ್ಟಿದ್ದೇನೆ. ಅಂಥ ಕೆಲಸಗಾರರು ನಮ್ಮ ಕಡೆ ಮತ್ತೆ ಬರಲಿಲ್ಲ ಎಂದಷ್ಟೇ ಹೇಳುತ್ತೇನೆ.