ಒಗೆಯದ ಕಂಬಳಿ

ಕೊತ್ತಗೆರೆಯಲ್ಲಿ ನನ್ನನ್ನು ಮೊದಲು ಎದುರುಗೊಂಡದ್ದು ಒಂದು ಕುದುರೆ. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಅದಾಗಲೇ ಇಲ್ಲ, ಇಲ್ಲ ಎಂದು ತಲೆಯಾಡಿಸುತ್ತಿತ್ತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಟ್ರಂಕು ಇಳಿಸಿ, ಬಾಡಿಗೆ ಕೋಣೆ ನೋಡಿ, ನೀರು ಕುಡಿದು ಹೊರಗೆ ಬಂದರೂ ನಿಲ್ಲಿಸಿರಲಿಲ್ಲ. ಧಾರವಾಡದ ಚರ್ಚಾಸ್ಪರ್ಧೆಗಳಲ್ಲಿ ಎಷ್ಟೋ ಹಟಮಾರಿ ಎದುರಾಳಿಗಳನ್ನು ಕಂಡವಳು ನಾನು. ಇಂಥದ್ದನ್ನು ಕಂಡಿರಲಿಲ್ಲ.

ಇಲ್ಲಿನ ಹೈಸ್ಕೂಲಿನಲ್ಲಿ ನನಗೆ ಕೆಲಸ ಸಿಕ್ಕಿದ್ದು ಧಾರವಾಡದಲ್ಲಿ ನಿಮಗೆಲ್ಲ ಗೊತ್ತು. ಒಂಟಿ ಹೆಣ್ಣಿಗೆ ಕೋಣೆ ಕೊಡಲು ಮೂರು ಮನೆಯವರು ಹಿಂಜರಿದದ್ದು ಗೊತ್ತಿಲ್ಲ. ನಾಲ್ಕನೆಯವರೇ ರಂಗಪ್ಪ, ಸಿದ್ದಮ್ಮ. ರಂಗಪ್ಪ ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಮರಿಗಳನ್ನು ಸಾಕಿ ನಿವೃತ್ತರಾದವರು.

“ನನ್ ಕೈಮ್ಯಾಲೇ ಹುಟ್ಟಿದ್ದು ಕಣಮ್ಮ ಇವ್ನು,” ಎಂದರು. “ಬೆಂಗ್ಳೂರಲ್ಲಿ ನಾಕ್ ವರ್ಸ ರೇಸ್ ಓಡ್ದ. ಕಾಲ್ ಹೋಯ್ತು, ಯಾರ್ಗೂ ಬ್ಯಾಡ್ವಾದ. ನಾನೇ ಹೋಗಿ ಹಿಡ್ಕಂಬಂದೆ. ಈಗ ನೋಡಿ, ನನ್ನೇ ಮರ್ತವ್ನೆ.”

ರೇಸಿನಲ್ಲಿ ಅದಕ್ಕೊಂದು ಉದ್ದದ ಇಂಗ್ಲಿಷ್ ಹೆಸರಿತ್ತಂತೆ. ಸಿದ್ದಮ್ಮ ಕೆಂಪ ಎಂದು ಕರೆಯುತ್ತಿದ್ದರು. ಯಾವುದಕ್ಕೂ ಅದು ಕಿವಿ ತಿರುಗಿಸುತ್ತಿರಲಿಲ್ಲ. ಪಾತ್ರೆ ಬಿದ್ದರೆ ಬೆವರುತ್ತಿತ್ತು. ಬಂದು ಹತ್ತು ದಿನವಾದರೂ ನೆಲಕ್ಕೆ ಮೈ ಚಾಚಿರಲಿಲ್ಲ. ಬೇಯಿಸಿದ ಹುರುಳಿಯನ್ನು ಮೂಸಿ ಬಿಡುತ್ತಿತ್ತು. ಪಕ್ಕೆಲುಬು ಎಣಿಸಬಹುದಿತ್ತು.

ನನ್ನ ಸ್ಥಿತಿಯೂ ಅದಕ್ಕಿಂತ ಬಹಳ ಉತ್ತಮವಾಗಿರಲಿಲ್ಲ. ಜೋಳದ ರೊಟ್ಟಿ ತಿಂದ ಬಾಯಿಯಲ್ಲಿ ರಾಗಿಮುದ್ದೆಯನ್ನು ಅಗಿಯುತ್ತ ಕೂತಿದ್ದರೆ ಸಿದ್ದಮ್ಮ ಸೆರಗು ಬಾಯಿಗಿಟ್ಟುಕೊಂಡು, “ನುಂಗಿ ಟೀಚರಮ್ಮ, ನುಂಗಿ! ಅದೇನ್ ಎಲಡ್ಕೆನಾ?” ಎನ್ನುತ್ತಿದ್ದರು. ನಾನು “ಹೌದ್ರಿ” ಅಂದರೆ ತರಗತಿಯೇ ನಗುತ್ತಿತ್ತು. ಅದನ್ನೂ ಸಹಿಸಬಹುದು. ಸಹಿಸಲಾಗದ್ದು ಇಲ್ಲಿನ “ಆಯ್ತು ಬುಡಿ.” ಬುಡಿ ಎಂದರೆ ಬಿಡಿ. ಒಪ್ಪಿದೆ ಎಂದು ಅರ್ಥವಲ್ಲ. ನಿನ್ನ ಮಾತು ಮುಗಿದಿದ್ದರೆ ನಾನು ನನ್ನ ಕೆಲಸ ನೋಡುತ್ತೇನೆ ಎಂದು ಅರ್ಥ. ನಮ್ಮಲ್ಲಿ ಚಹಾದಂಗಡಿಯಲ್ಲಿ ನಿಂತವನೂ ವಾದ ಮಾಡದೆ ಮನೆಗೆ ಹೋಗುವುದಿಲ್ಲ. ಇಲ್ಲಿ ನನ್ನ ಜೊತೆ ಜಗಳಕ್ಕೆ ನಿಲ್ಲುವವರೇ ಇಲ್ಲದೆ ನಾನು ಒಂಟಿಯಾದೆ.

ಸಿದ್ದಮ್ಮ ಮೆಣಸಿನಕಾಯಿ ನಿವಾಳಿಸಿ ಕುದುರೆಯ ದೃಷ್ಟಿ ತೆಗೆದರು. ಘಾಟು ಬರಲಿಲ್ಲ, ಆದ್ದರಿಂದ ದೃಷ್ಟಿಯೇ ಎಂದರು. ಘಾಟು ಬಂದಿದ್ದರೆ ದೃಷ್ಟಿ ಇಲ್ಲವೆಂದು ಒಪ್ಪುತ್ತಿದ್ದಿರಾ ಎಂದು ಕೇಳಿದೆ. “ಆಯ್ತು ಬುಡಿ.” ಓಡಿದ ಜೀವಕ್ಕೆ ಓಟವೇ ಬೇಕು ಎಂಬುದು ನನ್ನ ವಾದ. ರಂಗಪ್ಪ ಪಾಪ, ಓದಿದವಳ ಮಾತೆಂದು ಕೆರೆ ಏರಿಯ ಮೇಲೆ ಓಡಿಸಿಕೊಂಡು ಬಂದರು. ಕುದುರೆ ಕುಂಟುತ್ತ, ನೊರೆ ಕಾರುತ್ತ ಬಂತು. ನಾನು ಸೋತೆ, ಯಾರೂ ಹಾಗೆಂದು ಹೇಳಲಿಲ್ಲ, ಅದೇ ಹೆಚ್ಚು ನೋವಾಯಿತು.

ಗುಬ್ಬಿಯಿಂದ ಬಂದ ದನದ ಡಾಕ್ಟರು ರೋಗವೇನೂ ಇಲ್ಲ, ತಿನ್ನದಿದ್ದರೆ ಮಾತ್ರ ಉಳಿಯುವುದಿಲ್ಲ ಎಂದು ಹೋದರು. ತುಮಕೂರಿನ ಜಟಕಾದವನೊಬ್ಬ ಬಂದು ಹಲ್ಲು ನೋಡಿ, ಗುರುವಾರ ಬಂದು ಹೊಡೆದುಕೊಂಡು ಹೋಗುತ್ತೇನೆ ಎಂದ. ರಂಗಪ್ಪ ಆಗಲೆಂದು ತಲೆಯಾಡಿಸಿದರು.

“ಆ ಕಾಲಲ್ಲಿ ಗಾಡಿ ಎಳೆದ್ರೆ ಎಷ್ಟು ದಿನರೀ?” ಎಂದೆ.

“ಗೊತ್ತು ಕಣಮ್ಮ. ಆದ್ರೆ ಅಲ್ಲಿ ಪಕ್ಕದಲ್ಲಿ ನಾಕ್ ಕುದ್ರೆ ಇರ್ತವೆ. ಸತ್ರೂ ಒಂಟಿಯಾಗಿ ಸಾಯಕ್ಕಿಲ್ಲ.”



ಮಂಗಳವಾರ ಶಾಲೆಯಿಂದ ಬಂದು, ನನ್ನ ಕೌದಿಯನ್ನು ಕೊಟ್ಟಿಗೆಯ ಮೋಟುಗೋಡೆಗೆ ಬಿಸಿಲಿಗೆ ಹಾಕಿದೆ. ಅವ್ವ ಹಳೆ ಸೀರೆಗಳ ತುಂಡು ಸೇರಿಸಿ ಹೊಲಿದ ಹೊದಿಕೆ ಅದು. ಸಿದ್ದಮ್ಮ ಮೂಗು ಮುರಿದರು. “ಹೊಸ ರಗ್ಗು ಕೊಟ್ಟಿದೀನಲ್ಲ ತಾಯಿ. ಈ ಹರ್ಕಲು ಯಾಕೆ?”

“ಇದರ ವಾಸನಿ ಇಲ್ಲದಿದ್ರ ನಂಗ ನಿದ್ದಿ ಹತ್ತೂದಿಲ್ರಿ,” ಎಂದವಳು ಅಲ್ಲೇ ನಿಂತೆ. “ಈ ಕುದುರೆಯ ಹಳೇ ಸಾಮಾನು ಎಲ್ರಿ? ಹಗ್ಗ, ಹೊದಿಕೆ?”

“ಅಯ್ಯೋ, ಎಲ್ಲಾರಾ ಉಂಟಾ! ಹಳೇ ಹಗ್ಗ ಮನೇಗ್ ತರ್ತಾರಾ?”

ದನ ಕೊಂಡರೆ ಹಗ್ಗವನ್ನು ಮಾರಿದವರೇ ಇಟ್ಟುಕೊಳ್ಳಬೇಕು, ಹೊಸ ಹಗ್ಗದಲ್ಲಿ ಹಿಡಿದು ತರಬೇಕು. ಹಳೆಯದು ಬಂದರೆ ದನ ಹಳೆ ಮನೆಯನ್ನೇ ನೆನೆಯುತ್ತದೆ. ಇದು ಇಲ್ಲಿನ ಶಾಸ್ತ್ರ. ರೇಸಿನ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವನು ಅದರ ಕಂಬಳಿಯನ್ನು ಕೊಡಲು ಬಂದರೂ, ಹೆಂಡತಿಯ ಮಾತು ನೆನೆದು ರಂಗಪ್ಪ ಎಲ್ಲವನ್ನೂ ಬಿಟ್ಟು ಬಂದಿದ್ದರು. ಮೂವತ್ತು ವರ್ಷ ಕುದುರೆ ಸಾಕಿದ ಮನುಷ್ಯ ಕುದುರೆಯನ್ನು ಎಮ್ಮೆಯಂತೆ ಮನೆ ತುಂಬಿಸಿಕೊಂಡಿದ್ದರು!

ನಾನು ಎದುರಾಳಿಯ ಮಾತನ್ನೇ ಹಿಡಿದೆ. “ಹಗ್ಗ ಇದ್ರ ಹಳೇ ಮನಿ ನೆನಪಾಗ್ತದ ಅಂತ ನೀವೇ ಒಪ್ಪಿದ್ರಿ. ಹಂಗಾರ ಈಗ ಅದಕ್ಕ ಏನು ನೆನಪೈತಿ? ಅಲ್ಲೀದೂ ಇಲ್ಲ, ಇಲ್ಲೀದೂ ಇಲ್ಲ.”

ಆಯ್ತು ಬುಡಿ ಬರುತ್ತದೆಂದು ಕಾದೆ. ಬರಲಿಲ್ಲ. ಸಿದ್ದಮ್ಮ ಕೌದಿಯನ್ನೇ ನೋಡುತ್ತಿದ್ದರು. ಆಮೇಲೆ ಒಳಗೆ ಕೂಗಿದರು: “ಏನ್ರೀ, ನಾಳೆ ಮೊದಲ್ನೇ ಬಸ್ಸಿಗೆ ಬೆಂಗ್ಳೂರ್ಗೆ ಹೋಗ್ಬನ್ನಿ. ಹಗ್ಗ ಬ್ಯಾಡ. ಕಂಬ್ಳಿ ತನ್ನಿ. ಕಂಬ್ಳಿಗೆ ಶಾಸ್ತ್ರ ಇಲ್ಲ.”

ಇಂಥ ಜಾಣ ತೀರ್ಪು ನಮ್ಮ ಯಾವ ನಿರ್ಣಾಯಕರಿಂದಲೂ ಬಂದಿರಲಿಲ್ಲ.

ಬುಧವಾರ ಸಂಜೆ ರಂಗಪ್ಪ ಕಂಬಳಿ ಹೊತ್ತು ತಂದರು. ಬೆವರು, ಎಣ್ಣೆ, ಹಳೆ ಹುಲ್ಲು ಎಲ್ಲದರ ಮುಗ್ಗಲು ವಾಸನೆ. ಸಿದ್ದಮ್ಮ ಅಭ್ಯಾಸಬಲದಿಂದ ನೇರ ಒಗೆಯುವ ಕಲ್ಲಿನತ್ತ ನಡೆದರು. ನಾನು ಓಡಿಹೋಗಿ ಕಲ್ಲಿನ ಮೇಲೆ ಕೂತುಬಿಟ್ಟೆ.

ಕಂಬಳಿಯನ್ನು ಕೌದಿಯ ಪಕ್ಕ, ಅದೇ ಗೋಡೆಗೆ ಹಾಕಿದೆವು. ಕುದುರೆಯ ತಲೆ ಎಡಕ್ಕೆ ಬಂತು, ಬಲಕ್ಕೆ ಹೋಯಿತು, ಕಂಬಳಿಗೆ ತಾಗಿತು. ನಿಂತಿತು. ಮೂಗನ್ನು ಅದರೊಳಗೆ ಹುದುಗಿಸಿ ಉದ್ದಕ್ಕೆ ಉಸಿರು ಬಿಟ್ಟಿತು. ರಂಗಪ್ಪ ಉಸಿರಾಡದೆ ಹುರುಳಿಯ ಬಾಂಡ್ಲಿಯನ್ನು ಅದರ ಕೆಳಗೆ ಸರಿಸಿದರು. ನಾವು ಮೂವರೂ ಅದು ಅಗಿಯುವ ಸದ್ದನ್ನು ಕೇಳುತ್ತ ನಿಂತೆವು.

ಬೆಳಿಗ್ಗೆ ಜಟಕಾದವನು ಬಂದ. ರಂಗಪ್ಪ ಅವನಿಗೆ ಕಾಫಿ ಕೊಡಿಸಿದರು.

“ಕುದ್ರೆ ಬುಡಲ್ವಾ ಯಜಮಾನ್ರೇ?”

“ಮೆತ್ತಗ್ ಮಾತಾಡಪ್ಪ,” ಎಂದರು ರಂಗಪ್ಪ. “ಅವ್ನು ಮನಿಕ್ಕಂಡವ್ನೆ.”

ಮೊನ್ನೆ ದೀಪಾವಳಿಗೆ ಧಾರವಾಡಕ್ಕೆ ಬಂದಿದ್ದೆನಲ್ಲ, ಅವ್ವ ಟ್ರಂಕು ತೆರೆದವಳೇ ಹೌಹಾರಿದಳು. “ಏನಬೇ ಇದು, ಕೌದಿ ತುಂಬ ಕುದರಿ ವಾಸನಿ! ತಾ ಇಲ್ಲೆ, ಒಗದು ಹಾಕ್ತೀನಿ.”

ಬೇಡವೆಂದೆ. ಯಾಕೆ ಎಂದಳು. ಕಾರಣಗಳನ್ನು ಜೋಡಿಸಲು ಹೊರಟವಳ ಬಾಯಿಂದ ಬಂದದ್ದು, “ಆಯ್ತು ಬುಡವ್ವ.”

“ಬುಡು? ಇದ್ಯಾವ ಊರಿನ ಮಾತ?”

ಅವ್ವ ನನ್ನ ಮುಖ ನೋಡಿದಳು. ಒಗೆಯಲಿಲ್ಲ. ಮೂಲೆ ಹರಿದಿದ್ದಲ್ಲಿ ತನ್ನ ಸೀರೆಯ ತುಂಡಿನಿಂದ ಒಂದು ತೇಪೆ ಹಾಕಿ ಮಡಚಿಟ್ಟಳು.

ಕೊತ್ತಗೆರೆಗೆ ಮರಳಿದ ದಿನ ಕೌದಿಯನ್ನು ಗೋಡೆಗೆ ಹಾಕಿದೆ. ಕೆಂಪ ಬಂದು ಆ ತೇಪೆಯನ್ನೇ ಹುಡುಕಿ ಮೂಸಿತು. ಅದು ಸರಿದ ಮೇಲೆ ನಾನೂ ಅಲ್ಲೇ ಮೂಗಿಟ್ಟೆ. ಧಾರವಾಡದಲ್ಲಿದ್ದ ಅಷ್ಟೂ ದಿನ ಮೂಸಿದ್ದು ಕುದುರೆ ವಾಸನೆಯ ಮಿಕ್ಕ ಕೌದಿಯನ್ನು.