ಪಿಚರ್‌ಗೆ ಕೊಟ್ಟ ಮಹಡಿಯ ಕೋಣೆ

ನಾವು ನೆಲೆಸಿರುವ ಈ ಪರದೇಶದಲ್ಲಿ ನಮ್ಮ ಕಡೆ ಒಂದು ಬೇಸ್‌ಬಾಲ್ ತಂಡವಿದೆ. ವೃತ್ತಿಪರ ಆಟದಲ್ಲಿ ಅದಕ್ಕಿಂತ ಕೆಳಗಿನ ಮೆಟ್ಟಿಲು ಇಲ್ಲ. ಆಟಗಾರರಿಗೆ ಉಳಿಯಲು ಜಾಗ ಕೊಡುವ ಯೋಗ್ಯತೆಯೂ ಇಲ್ಲದೆ, ಅವರನ್ನು ಊರಿನವರ ಮನೆಗಳಿಗೆ ಹಂಚಿಬಿಡುತ್ತದೆ. "ನೀವೂ ನಮ್ಮ ಫ್ಯಾಮಿಲಿ" ಎಂದು ಮ್ಯಾನೇಜರ್ ಹಲ್ಲು ಕಿರಿದಾಗ ನಾನು ಕರಗಿಹೋದೆ. ನ್ಯೂಕ್ಯಾಸಲ್‌ನ ನಮ್ಮ ಮಹಡಿಯ ಕೋಣೆಗೆ ಒಬ್ಬ ಪಿಚರ್ ಬಂದ. ಚೆಂಡು ಎಸೆಯುವುದಕ್ಕೆಂದೇ ಡೊಮಿನಿಕನ್ ದೇಶದಿಂದ ಬಂದವನು. ನನ್ನ ಬಿಸಿಬೇಳೆಬಾತನ್ನು ಕೇಳಿ ಕೇಳಿ ಹಾಕಿಸಿಕೊಳ್ಳುತ್ತಿದ್ದ.

ಅವನ ಪಂದ್ಯಗಳಿಗೂ ಹೋದೆವು. ಅಲ್ಲಿ ಆಟಗಾರರಿಗಿಂತ, ತಂಡದ ಲಾಂಛನವಾದ ಮೀನಿನ ವೇಷ ಹಾಕಿ ಕುಣಿಯುವವನಿಗೇ ಹೆಚ್ಚು ಮರ್ಯಾದೆ.

ಜುಲೈನಲ್ಲಿ ಅವನ ಭುಜ ನೋಯತೊಡಗಿತು. ಒಂದು ಸಂಜೆ ಊಟದ ನಡುವೆ ಫೋನ್ ಬಂತು. ಕೇಳಿಸಿಕೊಂಡವನು ತಟ್ಟೆ ಸರಿಸಿ, "ನಾನು ಬೇಡವಂತೆ" ಎಂದ. ಏರ್‌ಪೋರ್ಟಿಗೆ ಬಿಡಲು ತಂಡದಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ನಾವೇ ಡ್ರೈವ್ ಮಾಡಿಕೊಂಡು ಹೋಗಿ ಬಿಟ್ಟು ಬಂದೆವು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮ್ಯಾನೇಜರ್ ಕಾಲ್ ಮಾಡಿದ. "ರೂಮ್ ಖಾಲಿ ಆಯ್ತಲ್ಲ, ನಾಳೆ ಇನ್ನೊಬ್ಬನ್ನ ಕಳಿಸ್ಲಾ?"

"ಮೊದ್ಲು ಅವನು ವಿಮಾನ ಹತ್ತಿದ್ನಾ ಅಂತ ವಿಚಾರಿಸಿ" ಎಂದೆ.

"ಯಾರು?" ಎಂದ.

ಬಾಯಿಗೆ ಬಂದದ್ದನ್ನೆಲ್ಲ ಕನ್ನಡದಲ್ಲೇ ಬೈದು ಫೋನಿಟ್ಟೆ. ಅವನಿಗೆ ಅರ್ಥವಾಗಿರಲಿಕ್ಕಿಲ್ಲ, ನನಗೆ ಸಮಾಧಾನವಾಯಿತು.

"ಪಾಪ, ಹೊಸಬ ಎಲ್ಲಿ ಉಳೀತಾನೆ?" ಎಂದರು ನನ್ನ ಗಂಡ. ಅದೂ ನಿಜವೇ. ಮರುದಿನ ಬಾಗಿಲಿಗೆ ಬಂದ ಹೊಸಬನನ್ನು ಒಳಗೆ ಕರೆದುಕೊಂಡೆ. ಅವನ ಜೊತೆ ಮ್ಯಾನೇಜರ್ ಕಳಿಸಿದ್ದ ಪುಕ್ಕಟೆ ಟಿಕೆಟ್‌ಗಳನ್ನು ಮಾತ್ರ ನೇರ ಕಸದ ಬುಟ್ಟಿಗೆ ಹಾಕಿದೆ.